ಹೂರಣ ವಿಚಾರ

ನಮ್ಮ ಅಡಿಗೆಮನೆಯ ಮಾತುಗಳಲ್ಲಿ ಕೆಲವು ಬಹು ದೊಡ್ಡ ಮನೆತನದಿಂದ ಬಂದವು. ಹೊಗೆಯಲ್ಲಿಯೂ ಹಿಟ್ಟಿನಲ್ಲಿಯೂ ಬಹುಕಾಲ ದುಡಿದು ತಮ್ಮ ಕುಲಗೋತ್ರಗಳನ್ನು ತಾವೇ ಮರೆತಂತೆ ಇರುವುವು. ‘ಹೂರಣ’ವೆಂಬುದು ಅಂಥದೊಂದು ಮಾತು. ಸಂಸ್ಕೃತದ ‘ಪೂರಣ’ ಶಬ್ದಕ್ಕೆ ತುಂಬುವುದು, ತುಂಬುವ ವಸ್ತು ಎಂದು ಅರ್ಥ. ಹಳಗನ್ನಡದ ‘ಪಾಲ್’ ಹಾಲಾದಂತೆ, ‘ಪೂ’ ಹೂವಾದಂತೆ, ‘ಪರ್ವ’ವು ‘ಪಬ್ಬ’ವಾಗಿ ಕಡೆಗೆ ‘ಹಬ್ಬ’ವಾದಂತೆ, ಪೂರಣವು ಹೂರಣವಾಯಿತು. ಆ ಶಬ್ದದಲ್ಲಿ ಬೇಳೆಯೂ ಇಲ್ಲ, ಬೆಲ್ಲವೂ ಇಲ್ಲ, ಕಾಯಿಯೂ ಇಲ್ಲ. ಒಳಗೆ ತುಂಬಿದ್ದು ಯಾವುದೋ ಅದು ಹೂರಣ. ಇಷ್ಟೇ ಅದರ ಅರ್ಥ. ಈ ಅಲ್ಪವಿಷಯವನ್ನು ಮೊದಲೇ ಹೇಳಿಟ್ಟುಕೊಳ್ಳುತ್ತೇನೆ. ಮುಂದೆ ನಮ್ಮ ಮನೆಯಲ್ಲಿ ಎದ್ದ ಒಂದು ವ್ಯಾಜ್ಯವನ್ನು ಹೇಳುವಾಗ ಇದು ಸಾಕ್ಷಿಗೆ ಬರುವುದು.

ಸಿಹಿಯ ವಿಚಾರವನ್ನು ಬರೆಯುವುದಕ್ಕೆ ನಮ್ಮ ಸೀಮೆಯವರಿಗೆ ಸ್ವಲ್ಪ ಹಕ್ಕೂ ಉಂಟು. ಶಿವಮೊಗ್ಗೆಯ ಹೆಸರು ‘ಸಿಹಿಮೊಗೆ’ಯಿಂದ ಬಂದಿತೆಂದು ಒಂದು ಸ್ಥಳಕಥೆ ಹೇಳುತ್ತದೆ. ಮೊಗೆಯೆಂದರೆ ಮಣ್ಣಿನ ಗಡಿಗೆ. ದೂರ್ವಾಸ ಮುನಿಗಳು ತಮ್ಮ ಆಶ್ರಮದಲ್ಲಿ ಮೊಗೆಯೊಂದರಲ್ಲಿ ಸಿಹಿಯಾದ ಕಷಾಯವನ್ನು ಕುದಿಸುತ್ತಿದ್ದರಂತೆ. ದನಕಾಯುವ ಹುಡುಗರು ಅದರ ರುಚಿ ನೋಡಿ ‘ಸಿಹಿಮೊಗೆ’ ಎಂದರಂತೆ. ಶಿವಮುಖವೇ ಶಿವಮೊಗ್ಗವೆನ್ನುವವರೂ ಇದ್ದಾರೆ. ಯಾವುದು ನಿಜವೆಂಬುದನ್ನು ವಿದ್ವಾಂಸರು ನಿರ್ಣಯಿಸಲಿ. ದೂರ್ವಾಸರ ಕೋಪದ ಕಥೆಗಳ ನಡುವೆ ಅವರ ಗಡಿಗೆಯಾದರೂ ಸಿಹಿಯಾಗಿದ್ದಿತೆಂಬ ಕಥೆ ನನಗೆ ಪ್ರಿಯವಾದುದು.

ನಾನಿರುವುದು ಶಿವಮೊಗ್ಗೆಗೆ ಸುಮಾರು 20 ಕಿಲೋಮೀಟರು ದೂರದ ಭದ್ರಾವತಿಯಲ್ಲಿ. ಅದರಲ್ಲಿಯೂ ಕಾಗದನಗರವೆಂಬ ಭಾಗದಲ್ಲಿ. ಹಿಂದೆ ಬೆಂಕಿಪುರವೆನ್ನಿಸಿಕೊಂಡಿದ್ದ ಈ ಊರಿಗೆ ಮೊದಲು ಕಬ್ಬಿಣದ ಕಾರ್ಖಾನೆಯೂ, ಅನಂತರ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಯೂ ಬಂದುವು. ಬಿದಿರಿನ ಜೊತೆಗೆ ಕಬ್ಬಿನ ಸಿಪ್ಪೆಯಿಂದಲೂ ಇಲ್ಲಿ ಕಾಗದವನ್ನು ಮಾಡುತ್ತಿದ್ದರು. ಹೀಗಾಗಿ ನಮ್ಮ ಸುತ್ತಿನ ಗದ್ದೆಗಳ ಕಬ್ಬಿಗೆ ಎರಡು ಸದ್ಗತಿಗಳಿದ್ದುವು: ರಸವು ಬೆಲ್ಲವಾಗಿ ಹೂರಣಕ್ಕೆ ಸೇರುತ್ತಿದ್ದಿತು, ಸಿಪ್ಪೆಯು ಕಾಗದವಾಗಿ ಮಕ್ಕಳ ಪುಸ್ತಕಕ್ಕೆ ಸೇರುತ್ತಿದ್ದಿತು. 2015ರಲ್ಲಿ ಕಾರ್ಖಾನೆಯ ಕೆಲಸ ನಿಂತಿತು. ಅದರಿಂದ ಊರಿಗಾದುದನ್ನು ಮುಂದೆ ಒಂದೆರಡು ಮಾತಿನಲ್ಲಿ ಹೇಳುತ್ತೇನೆ. ಹೂರಣಕ್ಕೂ ಅದಕ್ಕೂ ಸಂಬಂಧವಿದೆ.

ಇನ್ನು ವ್ಯಾಜ್ಯದ ವಿಷಯ. ನನ್ನ ಮಗಳೂ ಅಳಿಯಂದಿರೂ ಉದ್ಯೋಗನಿಮಿತ್ತವಾಗಿ ಜಪಾನಿನ ಕ್ಯೋಟೋ ನಗರದಲ್ಲಿ ನೆಲಸಿ 7 ವರ್ಷಗಳಾದುವು. ಮೊಮ್ಮಗಳು ಅಲ್ಲಿಯೇ ಹುಟ್ಟಿದವಳು. ಈಗ ಅವಳಿಗೆ 5 ವರ್ಷ. ಕಳೆದ ಭಾದ್ರಪದದಲ್ಲಿ ಗೌರೀಗಣೇಶ ಹಬ್ಬಕ್ಕೆಂದು ಅವರು ಊರಿಗೆ ಬಂದಿದ್ದರು. ನಮ್ಮ ಮನೆಯಲ್ಲಿ ಹಬ್ಬದ ಅಡಿಗೆಯ ಯಜಮಾನಿಕೆ ನನ್ನ ಅಕ್ಕನದು. ಆಕೆಗೆ 76 ವರ್ಷ; ಕೈ ಸ್ವಲ್ಪ ನಡುಗಿದರೂ ಕಡುಬಿನ ಅಂಚು ಮಡಿಸುವಾಗ ನಡುಗುವುದಿಲ್ಲ. ಎಲೆಗೆ ಬಡಿಸಿದ ಕಡುಬನ್ನು ಮಗು ಕಚ್ಚಿ ನೋಡಿ, ಕಣ್ಣರಳಿಸಿ, “ದೊಡ್ಡಜ್ಜೀ, ಇದರೊಳಗೆ ಆಂಕೊ ಇದೆ!” ಎಂದು ಕೂಗಿತು. ಎಲ್ಲರೂ ನಕ್ಕರು, ಅಕ್ಕ ನಗಲಿಲ್ಲ.

ಆ ರಾತ್ರಿ ಆಕೆ ನನ್ನನ್ನು ಕರೆದು, “ನೋಡೋ, ನಮ್ಮ ಮನೆ ಹೂರಣಕ್ಕೆ ಮಗು ಬೇರೆ ಹೆಸರು ಇಟ್ಟುಬಿಡ್ತು. ಇನ್ನು ನಾವೆಲ್ಲ ಹೋದಮೇಲೆ ಈ ಹೆಸರು ಹೇಳೋರು ಯಾರೋ?” ಎಂದಳು. ಮಗಳು ಸಮಾಧಾನ ಹೇಳಲು ಬಂದಳು: “ಅತ್ತೆ, ಆಂಕೊ ಅಂದರೆ ಅಲ್ಲಿಯವರ ಹೂರಣವೇ. ಶಿಶುವಿಹಾರದಲ್ಲಿ ಇವಳು ತಿನ್ನೋದು ಅದನ್ನೇ. ಹೋದ ವರ್ಷ ಚೌತಿಗೆ ಕಡುಬಿನೊಳಗೆ ನಾನೂ ಅದನ್ನೇ ತುಂಬಿದ್ದೆ.” ಅಕ್ಕ ತಟ್ಟನೆ ಕೇಳಿದಳು: “ದೇವರಿಗೂ ಅದನ್ನೇ ಇಟ್ಟೆಯೇನೇ?” “ಇಟ್ಟೆ, ಅತ್ತೆ.” ಅಕ್ಕ ಮತ್ತೇನೂ ಹೇಳದೆ ದೀಪ ಸಣ್ಣದು ಮಾಡಿ ಮಲಗಿದಳು. ಮಗಳ ಕಣ್ಣಿನಲ್ಲಿ ನೀರಿದ್ದುದನ್ನು ನಾನು ಕಂಡೆನು.

ಇಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿದ್ದುವು. ಹೆಸರು ಹೋದರೆ ವಸ್ತುವೂ ಹೋಯಿತೇ ಎಂಬುದು ಒಂದು. ಪರದೇಶದ ಕಾಳಿನಿಂದ ಮಾಡಿದ್ದು ನೈವೇದ್ಯಕ್ಕೆ ಸಲ್ಲುವುದೇ ಎಂಬುದು ಇನ್ನೊಂದು. ಹಿರಿಯಳ ಮನಸ್ಸು ನೊಂದಿತ್ತು, ಕಿರಿಯಳ ಮನಸ್ಸೂ ನೊಂದಿತ್ತು. ಸಂಸ್ಕೃತವನ್ನು ಮಕ್ಕಳಿಗೆ ಪಾಠ ಹೇಳಿ ಕಾಲ ಕಳೆದವನು ನಾನು. ಅಡಿಗೆಯಲ್ಲಿ ನನ್ನ ಅಧಿಕಾರವು ಬಾಣಲೆಯನ್ನು ಮಗುಚುವಷ್ಟರದು ಮಾತ್ರ. ಆದರೂ ಪೂರ್ವಪಕ್ಷ ಸಿದ್ಧಾಂತಗಳ ಅಭ್ಯಾಸವಿರುವುದರಿಂದ ಈ ವ್ಯಾಜ್ಯವನ್ನು ವಿಚಾರಿಸುವ ಭಾರ ನನ್ನ ಮೇಲೆ ಬಿದ್ದಿತು.

ಮೊದಲು ಪದಾರ್ಥಲಕ್ಷಣ. ಜಪಾನೀಯರು ‘ಅಜುಕಿ’ ಎಂಬ ಸಣ್ಣ ಕೆಂಪು ಕಾಳನ್ನು ಬೇಯಿಸಿ, ಸಕ್ಕರೆ ಸೇರಿಸಿ, ಮಗುಚಿ ಮುದ್ದೆ ಮಾಡುತ್ತಾರೆ. ಅದೇ ‘ಆನ್’ ಅಥವಾ ‘ಆಂಕೊ’. ಅಕ್ಕಿಯ ಹಿಟ್ಟಿನ ಅಥವಾ ಗೋಧಿಹಿಟ್ಟಿನ ಕಣಕದೊಳಗೆ ಇದನ್ನು ತುಂಬಿ ನಾನಾ ಬಗೆಯ ಉಂಡೆ ಕಡುಬುಗಳನ್ನು ಮಾಡುವರು. ಈ ‘ಆನ್’ ಎಂಬುದು ಚೀನಾದಿಂದ ಬಂದ ಶಬ್ದ. ಅದರ ಅರ್ಥವೇನೆಂದು ಮಗಳನ್ನು ಕೇಳಿ ತಿಳಿದುಕೊಂಡಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅದರ ಮೂಲಾರ್ಥ ‘ಒಳಗೆ ತುಂಬುವ ವಸ್ತು’! ಕಾಳಿನ ಹೆಸರೂ ಅಲ್ಲ, ಸಿಹಿಯ ಹೆಸರೂ ಅಲ್ಲ. ಚೀನಾದಲ್ಲಿ ಮಾಂಸವನ್ನು ತುಂಬಿದರೂ ಅದು ಆನ್ ಆಗಿದ್ದಿತು. ಮಾಂಸವನ್ನು ವರ್ಜಿಸಿದ ಬೌದ್ಧ ಭಿಕ್ಷುಗಳ ನಡುವೆ ಜಪಾನಿನಲ್ಲಿ ಅದರ ಸ್ಥಾನಕ್ಕೆ ಕಾಳು ಬಂದಿತೆಂದು ಹೇಳುವರು. ಮೊದಮೊದಲು ಸಿಹಿಯೂ ಅಪರೂಪ. ಸಕ್ಕರೆ ಜನಸಾಮಾನ್ಯರಿಗೆ ಸಿಕ್ಕುವಂತಾದ ಮೇಲೆ ಸಿಹಿ ಆನ್ ಮನೆಮಾತಾಯಿತು. ಅಂದಮೇಲೆ ಮಗು ಮಾಡಿದ್ದೇನು? ‘ಪೂರಣ’ ಶಬ್ದಕ್ಕೆ ತನಗೆ ತಿಳಿದ ಭಾಷೆಯಲ್ಲಿ ಪರ್ಯಾಯಪದವನ್ನು ಹೇಳಿತು. ಅಮರಕೋಶವನ್ನು ಬಾಯಿಪಾಠ ಮಾಡಿಸಿದವನು ಇದಕ್ಕೆ ಕೋಪಿಸಿಕೊಳ್ಳಲು ಬರುವುದಿಲ್ಲ.

ಶಬ್ದದ ವಿಚಾರದಲ್ಲಿ ಇನ್ನೂ ಒಂದು ವಿನೋದವಿದೆ. ಜಪಾನೀ ಅಕ್ಷರಮಾಲೆಯ ಕ್ರಮವು ‘ಅ, ಇ, ಉ, ಎ, ಒ’ ಎಂದು ಆರಂಭವಾಗಿ ‘ಕ, ಸ, ತ, ನ, ಹ, ಮ, ಯ, ರ, ವ’ ಎಂದು ಸಾಗುತ್ತದೆ. ಈ ಕ್ರಮವು ಅಲ್ಲಿಯ ಬೌದ್ಧ ವಿದ್ವಾಂಸರು ಮಾಡಿದ ಸಂಸ್ಕೃತಾಭ್ಯಾಸದ ಫಲ. ನಮ್ಮ ವರ್ಣಮಾಲೆಯಂತೆಯೇ ಕಂಠದಿಂದ ತುಟಿಯವರೆಗೆ ಬರುತ್ತದೆ. ಆದರೆ ನ-ಮಗಳ ನಡುವೆ ‘ಪ’ ಇರಬೇಕಾದ ಕಡೆ ‘ಹ’ ಏಕೆ ಕುಳಿತಿದೆ? ಏಕೆಂದರೆ ಆ ಭಾಷೆಯಲ್ಲಿಯೂ ಹಿಂದೆ ‘ಪ’ವಾಗಿದ್ದುದು ಕಾಲಕ್ರಮದಲ್ಲಿ ‘ಹ’ವಾಯಿತು. ಹೂವಿಗೆ ಅವರು ಹಿಂದೆ ‘ಪನ’ ಎನ್ನುತ್ತಿದ್ದರು, ಈಗ ‘ಹನ’ ಎನ್ನುತ್ತಾರೆ. ನಮ್ಮ ‘ಪೂ’ ಹೂವಾದ ಹಾಗೆಯೇ ಅವರ ‘ಪನ’ ಹನವಾಯಿತು. ಇದರಿಂದ ಎರಡು ಭಾಷೆಗಳಿಗೂ ನೆಂಟಸ್ತಿಕೆಯೆಂದು ಯಾರೂ ಹೇಳಬಾರದು. ದೂರದೂರದ ಎರಡು ಮನೆಗಳಲ್ಲಿ ಮಕ್ಕಳು ಒಂದೇ ಬಗೆಯಾಗಿ ತೊದಲಿದಂತೆ, ಅಷ್ಟೆ. ಆದರೆ ಪೂರಣವನ್ನು ಹೂರಣವೆನ್ನುವ ನಾವು ಅವರ ತೊದಲನ್ನು ಬೇಗ ಅರ್ಥ ಮಾಡಿಕೊಳ್ಳಬಹುದು.

ಇನ್ನು ನೈವೇದ್ಯದ ಪ್ರಶ್ನೆ. ಇದಕ್ಕೆ ಉತ್ತರವನ್ನು ನಾನು ಗ್ರಂಥದಲ್ಲಿ ಹುಡುಕುತ್ತಿದ್ದಾಗ, ಅದು ಮಗಳಿರುವ ಊರಿನಲ್ಲಿಯೇ ಸಿಕ್ಕಿತು. ನಮ್ಮ ಗಣಪತಿಯು ಬೌದ್ಧರೊಡನೆ ಜಪಾನಿಗೆ ಹೋಗಿ ಅಲ್ಲಿ ‘ಕಾಂಗಿತೆನ್’ ಎಂಬ ಹೆಸರಿನಿಂದ ಪೂಜೆಗೊಳ್ಳುತ್ತಿದ್ದಾನೆ. ‘ಕಾಂಗಿ’ ಎಂದರೆ ಆನಂದ, ‘ತೆನ್’ ಎಂದರೆ ದೇವತೆ. ಮುಖ ಆನೆಯದೇ. ಪರಸ್ಪರ ಆಲಿಂಗಿಸಿಕೊಂಡು ನಿಂತ ಇಬ್ಬರು ಗಜಮುಖರ ರೂಪವೂ ಅಲ್ಲಿ ಪ್ರಸಿದ್ಧವಾಗಿದೆ. ಮೂರ್ತಿಯನ್ನು ಸಾಮಾನ್ಯವಾಗಿ ಜನರ ಕಣ್ಣಿಗೆ ಕಾಣದಂತೆ ಮರೆಯಲ್ಲಿಟ್ಟು ಪೂಜಿಸುವರು. ಅವನಿಗೆ ಅರ್ಪಿಸುವ ಭಕ್ಷ್ಯದ ಹೆಸರು ‘ಕಾಂಗಿದಾನ್’, ಎಂದರೆ ‘ಆನಂದದ ಉಂಡೆ’. ನಮ್ಮ ‘ಮೋದಕ’ವೂ ‘ಮುದ್’ ಧಾತುವಿನಿಂದ ಬಂದುದು, ಮೋದವನ್ನುಂಟುಮಾಡುವುದು ಮೋದಕ. ಹೆಸರನ್ನು ಅಕ್ಷರಶಃ ಭಾಷಾಂತರಿಸಿಕೊಂಡು ಹೋಗಿದ್ದಾರೆ! ಕ್ಯೋಟೋದಲ್ಲಿ 1617ರಿಂದ ನಡೆದುಬಂದಿರುವ ‘ಕಾಮೆಯಾ ಕಿಯೊನಾಗಾ’ ಎಂಬ ಮಿಠಾಯಿ ಅಂಗಡಿಯಲ್ಲಿ ಇದನ್ನು ಈಗಲೂ ಮಾಡುತ್ತಾರೆ. ಆಕಾರವು ಬಾಯಿ ಬಿಗಿದ ಹಣದ ಚೀಲದಂತೆ. ಮೇಲೆ 8 ನಿರಿಗೆಗಳು. ಒಳಗೆ ಶ್ರೀಗಂಧ, ದಾಲ್ಚಿನ್ನಿ ಮೊದಲಾದ 7 ಬಗೆಯ ಸುಗಂಧದ್ರವ್ಯಗಳನ್ನು ಬೆರಸಿದ ಆಂಕೊ, ಎಳ್ಳೆಣ್ಣೆಯಲ್ಲಿ ಕರಿಯುವುದು. ಹಿಂದೆ ಹಣ್ಣುಗಳನ್ನು ತುಂಬುತ್ತಿದ್ದು, ಆಮೇಲೆ ಆಂಕೊ ಬಂದಿತಂತೆ. ಮಗಳು ಆ ಅಂಗಡಿಯ ಮೋದಕದ ಚಿತ್ರವನ್ನು ತೋರಿಸಿದಾಗ ಅಕ್ಕ ಕನ್ನಡಕವನ್ನು ಒರೆಸಿಕೊಂಡು ಎರಡು ಸಲ ನೋಡಿದಳು.

“ಇದು ನಮ್ಮ ಕರಿದ ಮೋದಕವೇ ಅಲ್ಲವೇನೋ!”

“ಹೌದಕ್ಕ. ಅದರೊಳಗಿರುವುದು ಆಂಕೊ.”

“ಗಣಪತಿಗೇ ಇಡುತ್ತಾರೋ?”

“ಗಣಪತಿಗೇ.”

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಆ ದೇವರು ಅಲ್ಲಿ ಅದನ್ನು ತಿಂದು ಇಷ್ಟು ವರ್ಷ ಸುಖವಾಗಿದ್ದಾನೆ ಅಂದಮೇಲೆ ನಾನು ಬೇಡ ಅನ್ನೋದಕ್ಕೆ ಯಾರು?” ಎಂದಳು. ಮಗಳು ಹೋಗಿ ಆಕೆಯ ಪಕ್ಕದಲ್ಲಿ ಕುಳಿತುಕೊಂಡಳು.

ನಾನು ಇದಕ್ಕೆ ಇತಿಹಾಸದ ಬಲವನ್ನೂ ಕೊಟ್ಟೆನು. ಜಪಾನಿನ ನಾರಾ ನಗರದ ತೋದಾಯಿಜಿ ದೇವಾಲಯದಲ್ಲಿ ಬುದ್ಧನ ಮಹಾಮೂರ್ತಿಗೆ ನೇತ್ರೋನ್ಮೀಲನವನ್ನು 752ರಲ್ಲಿ ನೆರವೇರಿಸಿದವನು ಬೋಧಿಸೇನನೆಂಬ ಭಾರತೀಯ ಭಿಕ್ಷು. ಅದೇ ದೇವಾಲಯಕ್ಕೆ 756ರಲ್ಲಿ ಸಮರ್ಪಿತವಾದ ಔಷಧಗಳ ಪಟ್ಟಿಯಲ್ಲಿ ಕಬ್ಬಿನ ಸಕ್ಕರೆಯೂ ಸೇರಿದೆ. ಅಷ್ಟು ಅಪೂರ್ವವಾದ ವಸ್ತು ಅದು ಆಗ. ಇಂಗ್ಲಿಷಿನವರು ‘ಶುಗರ್’ ಎನ್ನುವುದೂ ನಮ್ಮ ‘ಶರ್ಕರಾ’ ಶಬ್ದವೇ ದೇಶದೇಶಗಳನ್ನು ಸುತ್ತಿ ಸವೆದ ರೂಪ. ದೇವರು, ಅಕ್ಷರಕ್ರಮ, ಸಿಹಿ, ಈ ಮೂರೂ ಒಂದೇ ದಾರಿಯಲ್ಲಿ ಪೂರ್ವಕ್ಕೆ ಹೋದುವು. ಬೇಳೆಯನ್ನು ಮಾತ್ರ ಅವರು ತಮ್ಮ ಹೊಲದಿಂದ ತೆಗೆದುಕೊಂಡರು.

ಆ ಬೇಳೆಯೂ ಪೂರ್ತಿ ಪರಕೀಯವಲ್ಲ. ಸಸ್ಯಶಾಸ್ತ್ರಜ್ಞರು ಅಜುಕಿಯನ್ನೂ ನಮ್ಮ ಹೆಸರು, ಉದ್ದು, ಅಲಸಂದೆಗಳನ್ನೂ ಒಂದೇ ಕುಲದಲ್ಲಿ ಸೇರಿಸಿದ್ದಾರೆ. ಕಡಲೆಯೇ ಬೇರೆ ಕುಲದ್ದು. ಹೆಸರಿಗೆ ಸಂಸ್ಕೃತದಲ್ಲಿ ಮುದ್ಗವೆಂದೂ ಅಲಸಂದೆಗೆ ರಾಜಮಾಷವೆಂದೂ ಹೆಸರು. ಕಾಳುಗಳಲ್ಲಿ ಹೆಸರೇ ಪಥ್ಯತಮವೆಂದು ಚರಕಸಂಹಿತೆಯು ಅಗ್ರಪಟ್ಟ ಕೊಟ್ಟಿದೆ. ಹೆಸರುಬೇಳೆಯ ಹೂರಣದ ಕಡುಬು ನಮ್ಮಲ್ಲಿ ಹಳೆಯದೇ. ಹೀಗಿರಲು ಅಜುಕಿಯು ಹೆಸರಿನ ದಾಯಾದಿಯಾಯಿತು. ಜಪಾನಿನಲ್ಲಿಯೂ ಶುಭದಿನಗಳಲ್ಲಿ ಮಾಡುವ ಕೆಂಪನ್ನಕ್ಕೆ ಕೆಲವು ಕಡೆ ಅಜುಕಿಗೆ ಬದಲು ಅಲಸಂದೆಯನ್ನೇ ಹಾಕುವರು. ಅದಕ್ಕೆ ಅಲ್ಲಿ ‘ಸಸಗೆ’ಯೆಂದು ಹೆಸರು. ಅಜುಕಿಯ ಹೊಟ್ಟೆ ಬೇಯುವಾಗ ಬಿರಿಯುತ್ತದೆ, ಅದು ಹೊಟ್ಟೆ ಬಗಿದುಕೊಂಡು ಸಾಯುವ ಯೋಧರ ನೆನಪನ್ನು ತರುವ ಅಪಶಕುನವೆಂದು ಅಲ್ಲಿಯ ಹಳೆಯ ಯೋಧಕುಲದವರು ಅದನ್ನು ಬಿಟ್ಟರಂತೆ. ಶಕುನ ನೋಡುವವರು ನಾವೊಬ್ಬರೇ ಅಲ್ಲವೆಂದು ಅಕ್ಕನಿಗೆ ಇದರಿಂದ ತುಂಬ ಸಮಾಧಾನವಾಯಿತು.

ಇಷ್ಟಾದ ಮೇಲೆ, “ಮಾತು ಸಾಕು, ಮಾಡಿ ನೋಡೋಣ” ಎಂದು ನನ್ನ ಗೃಹಿಣಿ ಭದ್ರಾವತಿಯ ಪೇಟೆಯಿಂದ ಕೆಂಪು ಅಲಸಂದೆಯನ್ನು ತರಿಸಿದಳು. ಆ ದಿನ ಮಾಡಿದ ಕ್ರಮವನ್ನು ವಾಚಕರ ಉಪಯೋಗಕ್ಕಾಗಿ ವಿವರವಾಗಿ ಬರೆಯುತ್ತೇನೆ. ಅಜುಕಿಯೇ ಸಿಕ್ಕಿದರೆ ನೆನೆಹಾಕುವ ಕೆಲಸವಿಲ್ಲ; ಉಳಿದುದೆಲ್ಲ ಒಂದೇ.

ಕೆಂಪು ಅಲಸಂದೆ 250 ಗ್ರಾಂ ತೆಗೆದುಕೊಂಡು ಕಲ್ಲು ಹುಳುಕುಗಳನ್ನು ಆರಿಸಿ ರಾತ್ರಿ ನೆನೆಹಾಕಬೇಕು. ಬೆಳಗ್ಗೆ ಆ ನೀರನ್ನು ಚೆಲ್ಲಿ, ಕಾಳು ಮುಳುಗಿ ಮೇಲೆ ಮೂರು ಬೆರಳು ನಿಲ್ಲುವಷ್ಟು ಹೊಸ ನೀರು ಹಾಕಿ ಕುದಿಸಬೇಕು. 5 ನಿಮಿಷ ಕುದಿದ ಮೇಲೆ ಈ ನೀರನ್ನೂ ಬಸಿದು ಚೆಲ್ಲತಕ್ಕದ್ದು. ಜಪಾನೀಯರು ಇದನ್ನು ‘ಶಿಬುಕಿರಿ’ ಎಂದು ಕರೆಯುತ್ತಾರೆ. ಒಗರನ್ನು ಕತ್ತರಿಸುವುದು ಎಂದು ಅರ್ಥ. ಸಿಪ್ಪೆಯಲ್ಲಿರುವ ಒಗರು ಮೊದಲ ನೀರಿಗೆ ಇಳಿಯುತ್ತದೆ. ಅದನ್ನು ಬಿಟ್ಟರೆ ಎಷ್ಟು ಸಕ್ಕರೆ ಹಾಕಿದರೂ ನಾಲಗೆಯ ತುದಿಯಲ್ಲಿ ಕಷಾಯರಸ ನಿಲ್ಲುವುದು. ಮತ್ತೆ ಹೊಸ ನೀರು ಹಾಕಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಬೇಯಿಸಬೇಕು. ನೀರು ಇಂಗಿದಂತೆ ಸ್ವಲ್ಪಸ್ವಲ್ಪ ಬಿಸಿನೀರು ಸೇರಿಸುತ್ತಿರಬೇಕು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಕಾಳನ್ನು ಹಿಡಿದು ಮೆಲ್ಲನೆ ಒತ್ತಿದರೆ ಬೆಣ್ಣೆಯಂತೆ ಮಸಿಯಬೇಕು. ಅಕ್ಕ ಒಂದು ಕಾಳನ್ನು ಒತ್ತಿ ನೋಡಿ ತೃಪ್ತಳಾಗಲಿಲ್ಲ. ಮೂರು ಕಡೆಯಿಂದ ಮೂರು ಕಾಳು ತೆಗೆದು ನೋಡಿದಳು. ಒಂದು ಬೆಂದರೆ ಎಲ್ಲವೂ ಬೆಂದಿತೆಂಬ ನ್ಯಾಯವು ಅನ್ನಕ್ಕೆ ಸಲ್ಲಬಹುದು, ಗಟ್ಟಿಕಾಳಿಗೆ ಸಲ್ಲದೆಂಬುದು ಆಕೆಯ ಮತ.

ಸಿಹಿಯನ್ನು ಹಾಕುವುದು ಇದಾದ ಮೇಲೆಯೇ, ಮುಂಚೆ ಅಲ್ಲ. ಈ ನಿಯಮವು ನಮ್ಮ ಹೂರಣಕ್ಕೂ ಅವರ ಆಂಕೊಗೂ ಸಮಾನ. ಬೇಯುವ ಮೊದಲೇ ಬೆಲ್ಲ ಬಿದ್ದರೆ ಕಾಳಿನೊಳಕ್ಕೆ ಹೋಗಬೇಕಾದ ನೀರನ್ನು ಸಿಹಿಯೇ ಹಿಡಿದಿಟ್ಟುಕೊಳ್ಳುತ್ತದೆ. ಬೆಲ್ಲದಲ್ಲಿರುವ ಸುಣ್ಣದ ಅಂಶವು ಕಾಳಿನ ಗೋಡೆಗಳನ್ನು ಬಿಗಿಮಾಡುತ್ತದೆ. ಆಮೇಲೆ ಸಾಯಂಕಾಲದವರೆಗೆ ಬೇಯಿಸಿದರೂ ಕಾಳು ಮೆತ್ತಗಾಗುವುದಿಲ್ಲ. ಬೆಂದ ಕಾಳಿನ ನೀರನ್ನು ಬಸಿದು, ಕಾಳನ್ನು ದಪ್ಪತಳದ ಬಾಣಲೆಗೆ ಹಾಕಿ, 200 ಗ್ರಾಂ ಸಕ್ಕರೆಯನ್ನು ಎರಡು ಮೂರು ಸಲವಾಗಿ ಸೇರಿಸಿ ಮಗುಚಬೇಕು. ನಾವು ಅರ್ಧ ಸಕ್ಕರೆ, ಅರ್ಧ ಬೆಲ್ಲ ಹಾಕಿದೆವು. ಬೆಲ್ಲವನ್ನು ಮೊದಲೇ ಸ್ವಲ್ಪ ನೀರಿನಲ್ಲಿ ಕರಗಿಸಿ ಸೋಸಿಕೊಂಡರೆ ಮಣ್ಣು ಕಸಗಳ ಭಯವಿಲ್ಲ. ಜಪಾನಿನ ದಕ್ಷಿಣದ ಓಕಿನಾವಾ ದ್ವೀಪಗಳಲ್ಲಿಯೂ ಕಬ್ಬಿನ ರಸವನ್ನು ಕಾಯಿಸಿ ‘ಕೊಕುತೊ’ ಎಂಬ ಕಪ್ಪುಬೆಲ್ಲವನ್ನು ಮಾಡುತ್ತಾರೆ. ಆದುದರಿಂದ ಬೆಲ್ಲ ಹಾಕಿದರೆ ಜಪಾನೀ ಶಾಸ್ತ್ರಕ್ಕೆ ಭಂಗವಿಲ್ಲ.

ಸಕ್ಕರೆ ಕರಗಿದೊಡನೆ ಎಲ್ಲವೂ ನೀರಾಗಿ ಕಾಣುವುದು, ಹೆದರಬೇಕಾದುದಿಲ್ಲ. 15 ರಿಂದ 20 ನಿಮಿಷ ಬಿಡದೆ ಮಗುಚಿದರೆ ಗಟ್ಟಿಯಾಗುತ್ತ ಬರುತ್ತದೆ. ಸಟ್ಟುಗದಿಂದ ತಳವನ್ನು ಗೀರಿದಾಗ ಒಂದು ಕ್ಷಣ ದಾರಿ ನಿಂತು ಮತ್ತೆ ಮುಚ್ಚಿಕೊಂಡರೆ ಇಳಿಸುವ ಹದ. ಆರಿದ ಮೇಲೆ ಇನ್ನೂ ಗಟ್ಟಿಯಾಗುವುದರಿಂದ ಒಲೆಯ ಮೇಲೆಯೇ ಉಂಡೆಯ ಹದಕ್ಕೆ ತರಬಾರದು. ಕೊನೆಗೆ ಒಂದು ಚಿಟಿಕೆ ಉಪ್ಪು. ಉಪ್ಪು ಸಿಹಿಯನ್ನು ಎತ್ತಿ ತೋರಿಸುತ್ತದೆ. ಕಾಳು ಕಾಳಾಗಿಯೇ ಅರೆಬರೆ ಮಸಿದಿದ್ದರೆ ಅದು ‘ತ್ಸುಬು-ಆನ್’. ಬೆಂದ ಕಾಳನ್ನು ಜರಡಿಯ ಮೇಲೆ ನೀರು ಬಿಟ್ಟುಕೊಂಡು ತಿಕ್ಕಿ, ಸಿಪ್ಪೆಯನ್ನು ಬೇರ್ಪಡಿಸಿ, ಕೆಳಗಿಳಿದ ನುಣುಪನ್ನು ಬಟ್ಟೆಯಲ್ಲಿ ಹಿಂಡಿ, ಆಮೇಲೆ ಸಕ್ಕರೆಯೊಡನೆ ಮಗುಚಿದರೆ ಅದು ‘ಕೊಶಿ-ಆನ್’. ಮಿಕ್ಸಿಯಲ್ಲಿ ನುಣ್ಣಗೆ ಬೀಸುವುದು ಸುಲಭವಾದರೂ ಅಷ್ಟು ಒಳ್ಳೆಯದಲ್ಲ. ಕಾಳಿನ ಪಿಷ್ಟವು ಸೂಕ್ಷ್ಮವಾದ ಕೋಶಗಳೊಳಗೆ ಇರುತ್ತದೆ. ಬೇಯುವಾಗ ಅದರ ಸುತ್ತಲಿನ ಸಸಾರಜನಕವು ಗಟ್ಟಿಯಾಗಿ ಅದನ್ನು ಹೊರಬಿಡದೆ ಕಾಪಾಡುತ್ತದೆ. ತಿಕ್ಕಿದರೆ ಕೋಶಗಳು ಬಿಡಿಬಿಡಿಯಾಗಿ ಹುಡಿಹುಡಿಯಾದ ಹೂರಣವಾಗುತ್ತದೆ. ಅತಿಯಾಗಿ ಬೀಸಿದರೆ ಕೋಶಗಳೇ ಒಡೆದು ಪಿಷ್ಟ ಹೊರಬಂದು ಅಂಟಾಗುತ್ತದೆ. ಒರಳುಕಲ್ಲಿನ ಹೂರಣ ಮಿಕ್ಸಿಯ ಹೂರಣಕ್ಕಿಂತ ಚೆನ್ನೆಂದು ನಮ್ಮ ಹಿರಿಯರು ಹೇಳುವುದು ಬರಿಯ ಹಟವಲ್ಲ.

ಜೊತೆಯಲ್ಲಿಯೇ ನಮ್ಮ ಹೂರಣವನ್ನೂ ಮಾಡಿದೆವು. ಅಕ್ಕನ ಅಳತೆಯೆಲ್ಲ ಹಿಡಿಯಲ್ಲಿ. ನಾಲ್ಕು ಹಿಡಿ ಕಡಲೆಬೇಳೆಯನ್ನು ಆಕೆ ಹಾಕಿದಾಗ ಮಗಳು ತಕ್ಕಡಿಯಲ್ಲಿ ಇಟ್ಟು ನೋಡಿದಳು. 240 ಗ್ರಾಂ ಬಂದಿತು. ಇನ್ನೊಮ್ಮೆ ನಾಲ್ಕು ಹಿಡಿ ಹಾಕಿಸಿದಳು. ಮತ್ತೆ 240 ಗ್ರಾಂ. ತಕ್ಕಡಿಗೆ ನಾಚಿಕೆಯಾಗಬೇಕಾದಂಥ ಕೈ! ಬೇಳೆ ಬೆಂದು ಒತ್ತಿದರೆ ಪುಡಿಯಾಗಬೇಕು, ಗಂಜಿಯಾಗಬಾರದು. ಬಸಿದ ಕಟ್ಟನ್ನು ಅವರಂತೆ ಚೆಲ್ಲುವುದಿಲ್ಲ, ಅದು ಸಾರಿಗೆ. ಕಡಲೆಬೇಳೆಗೆ ಸಿಪ್ಪೆಯಿಲ್ಲದುದರಿಂದ ಒಗರಿನ ಗೊಡವೆಯೂ ಇಲ್ಲ. ಬೆಲ್ಲ 220 ಗ್ರಾಂ, ತೆಂಗಿನಕಾಯಿ ತುರಿ ಒಂದು ಬಟ್ಟಲು, ಏಲಕ್ಕಿ 5. ಬೆಲ್ಲ ಕಾಯಿಗಳೊಡನೆ ನೀರಿಂಗುವವರೆಗೆ ಮಗುಚಿ, ಬಿಸಿಯಿರುವಾಗಲೇ ರುಬ್ಬಬೇಕು. ಕಾಯಿ ಸೇರಿದ್ದು ಮರುದಿನಕ್ಕೆ ಹಳಸುವುದು. ಅಲಸಂದೆಯದು ತಂಪುಪೆಟ್ಟಿಗೆಯಲ್ಲಿ ಮೂರು ದಿನ ಕೆಡದೆ ಇರುತ್ತದೆ.

ಎರಡು ಬಟ್ಟಲು ಅಕ್ಕಿಹಿಟ್ಟಿಗೆ ಎರಡು ಬಟ್ಟಲು ನೀರು, ಒಂದು ಚಮಚ ತುಪ್ಪ, ಚಿಟಿಕೆ ಉಪ್ಪು ಇಟ್ಟು ಕುದಿಸಿ, ಹಿಟ್ಟು ಸುರಿದು ಮುಚ್ಚಿ, ಬಿಸಿಯಲ್ಲಿಯೇ ನಾದಿ, ಒಂದೇ ಕಣಕದಿಂದ ಎರಡು ಬಗೆಯ ಕಡುಬನ್ನೂ ಮಾಡಿ ಅರಿಶಿನದೆಲೆಯ ಮೇಲಿಟ್ಟು 10 ನಿಮಿಷ ಹಬೆಯಲ್ಲಿ ಬೇಯಿಸಿದೆವು. ಎಲೆಯ ಪರಿಮಳವೂ ಅವರಿಗೆ ಹೊಸದಲ್ಲ. ಓಕ್ ಮರದ ಎಲೆಯಲ್ಲಿ ಸುತ್ತಿದ ಆಂಕೊ ಕಡುಬನ್ನು ಮೇ 5ರ ಮಕ್ಕಳ ಹಬ್ಬಕ್ಕೂ, ಉಪ್ಪಿನಲ್ಲಿಟ್ಟ ಚೆರ್‍ರಿ ಎಲೆಯಲ್ಲಿ ಸುತ್ತಿದ್ದನ್ನು ವಸಂತಕಾಲಕ್ಕೂ ಅವರು ಮಾಡುತ್ತಾರೆ. ಹಗಲಿರುಳು ಸಮನಾಗುವ ದಿನಗಳಲ್ಲಿ ಪಿತೃಗಳ ಸ್ಮರಣೆಗೆ ‘ಒಹಗಿ’ಯನ್ನು ಮಾಡುವರು. ಅದರಲ್ಲಿ ಅನ್ನದ ಉಂಡೆ ಒಳಗೆ, ಆಂಕೊ ಹೊರಗೆ. ಹೊರಗಿದ್ದರೆ ಅದಕ್ಕೆ ಪೂರಣವೆಂದು ಹೇಗೆ ಹೆಸರು ಸಲ್ಲುವುದೆಂದು ನಾನು ವೈಯಾಕರಣನ ಆಕ್ಷೇಪವನ್ನು ಎತ್ತಿದಾಗ ನನ್ನ ಗೃಹಿಣಿ, “ಮೊದಲು ಮಗುಚಿ, ತಳ ಹಿಡಿಯುತ್ತೆ” ಎಂದಳು.

ಮಗು ಅಲಸಂದೆಯ ಹೂರಣವನ್ನು ಬೆರಳಿನಲ್ಲಿ ನೆಕ್ಕುತ್ತ, “ದೊಡ್ಡಜ್ಜೀ, ಇದು ಆಂಕೊನಾ, ಹೂರಣನಾ?” ಎಂದು ಕೇಳಿತು. ಅಕ್ಕ ಕಣಕದ ಬಟ್ಟಲನ್ನು ಅದರ ಕೈಗೆ ಕೊಟ್ಟು, “ಒಳಗೆ ಹಾಕಿ ಬಾಯಿ ಮುಚ್ಚು. ಮುಚ್ಚಿದ ಮೇಲೆ ಹೂರಣ ಕಣೇ, ತಟ್ಟೇಲಿದ್ದಾಗ ನೀನು ಏನಾದರೂ ಅನ್ನು” ಎಂದಳು. ನಾನು ನಿಘಂಟನ್ನು ಹಿಡಿದು ಸಾಧಿಸಿದುದನ್ನು ಆಕೆ ಬರಿಗೈಯಲ್ಲಿ ಹೇಳಿದಳು. ಮಗುವಿನ ಮೊದಲ ಕಡುಬು ಸೋರಿತು, ಎರಡನೆಯದು ಒಡೆಯಿತು, ಮೂರನೆಯದಕ್ಕೆ ಅಕ್ಕ ಕೈ ಹಿಡಿದು ನಿರಿಗೆ ಹಾಕಿಸಿದಳು. ಆ ದಿನ ಎರಡು ಬಗೆಯದನ್ನೂ ದೇವರ ಮುಂದಿಟ್ಟಿತು. ಇಟ್ಟವಳು ಅಕ್ಕನೇ.

ಕಡುಬನ್ನು ಹಂಚುವ ಹೊತ್ತಿಗೆ ಮಾತ್ರ ಮನಸ್ಸು ಭಾರವಾಯಿತು. ಕಾರ್ಖಾನೆ ನಡೆಯುತ್ತಿದ್ದಾಗ ಹಬ್ಬದ ದಿನ ನಮ್ಮ ಮನೆಯಿಂದ 20 ಮನೆಗೆ ಕಡುಬು ಹೋಗುತ್ತಿದ್ದಿತು. ತಮಿಳರ ಮನೆಯಿಂದ ಕೊಳಕ್ಕಟ್ಟೈ, ಮರಾಠಿಗರ ಮನೆಯಿಂದ ಮೋದಕ ಬರುತ್ತಿದ್ದುವು. ಮನೆಮನೆಯ ಹೂರಣ ಬೇರೆ, ಹೆಸರೂ ಬೇರೆ; ಅದರಿಂದ ಯಾರ ಹಬ್ಬವೂ ಕೆಡುತ್ತಿರಲಿಲ್ಲ. ಈಗ ನಮ್ಮ ಸಾಲಿನಲ್ಲಿ ಬೀಗ ಹಾಕಿದ ಬಾಗಿಲುಗಳೇ ಹೆಚ್ಚು. ಈ ಸಲ 6 ಮನೆಗೆ ಹಂಚಿ ಬಂದೆವು. ಆ ಹೋದವರೆಲ್ಲ ಇಂದು ಬೆಂಗಳೂರಿನಲ್ಲಿಯೋ ಇನ್ನೆಲ್ಲಿಯೋ ತಮ್ಮ ಕಡುಬಿನೊಳಗೆ ಅಲ್ಲಿ ದೊರೆತುದನ್ನು ತುಂಬುತ್ತಿರಬೇಕು. ಮಗಳು ಕ್ಯೋಟೋದಲ್ಲಿ ಮಾಡುತ್ತಿರುವುದೂ ಅದನ್ನೇ. ಹೂರಣವು ಬದಲಾಗುವುದರಿಂದ ಸಂಪ್ರದಾಯ ಕೆಡುವುದಿಲ್ಲ. ತುಂಬುವ ಕೈ ಇಲ್ಲದಾದರೆ ಕೆಡುತ್ತದೆ.

ಆ ಕೈಯ ಕೆಲಸವನ್ನು ಉಳಿಸಿಕೊಳ್ಳುವುದಕ್ಕೆ ನಮ್ಮಲ್ಲಿ ದಾರಿಯಿಲ್ಲದೆ ಇಲ್ಲ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯನು ‘ಲೋಕೋಪಕಾರ’ದಲ್ಲಿ ಪಾಕದ ವಿಚಾರವನ್ನು ಕನ್ನಡದಲ್ಲಿಯೇ ಬರೆದಿಟ್ಟನು. 16ನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ಪೂರ್ತಿ ‘ಸೂಪಶಾಸ್ತ್ರ’ವನ್ನೇ ರಚಿಸಿ, ಹಿಟ್ಟಿನ ಭಕ್ಷ್ಯಗಳಿಗೆ ಪಿಷ್ಟಪಾಕವೆಂದು ಒಂದು ಅಧ್ಯಾಯವನ್ನು ಮೀಸಲಿಟ್ಟನು. ರಾಜರೂ ಕವಿಗಳೂ ಬರೆಯಲು ನಾಚದ ವಿಷಯವನ್ನು ಗೃಹಸ್ಥರು ಬರೆದಿಟ್ಟುಕೊಳ್ಳುವುದರಲ್ಲಿ ಕೊರತೆಯೇನು? ಮಗಳು ಹೊರಡುವ ಹಿಂದಿನ ದಿನ ಅಕ್ಕನನ್ನು ಕೂರಿಸಿಕೊಂಡು ಒಂದೊಂದನ್ನೂ ಹಿಡಿಯಿಂದ ಗ್ರಾಮಿಗೆ ಇಳಿಸಿ ಬರೆದುಕೊಂಡಳು. ನಮ್ಮ ಮನೆಯಲ್ಲಿ ಹಳೆಯ ಪೆಟ್ಟಿಗೆಯೊಂದರಲ್ಲಿ ಇದೇ ಊರಿನ ಕಾರ್ಖಾನೆಯ ಬಿಳಿಯ ಕಾಗದ ಸ್ವಲ್ಪ ಉಳಿದಿತ್ತು, ಅದನ್ನೇ ಕೊಟ್ಟೆನು. ಎರಡು ಪ್ರತಿಗಳಾದುವು. ಒಂದು ಇಲ್ಲಿ ಅಡಿಗೆಮನೆಯ ಗೋಡೆಯ ಮೇಲಿದೆ, ಇನ್ನೊಂದು ಕ್ಯೋಟೋಗೆ ಹೋಯಿತು. ಮೇಲ್ಗಡೆ ಹೆಸರು ಬರೆಯುವಾಗ ‘ಹೂರಣ’ ಎಂಬ ಮೂರಕ್ಷರವನ್ನು ಮಗುವಿನ ಕೈಯಿಂದಲೇ ಬರೆಸಿದೆವು. ‘ಣ’ ಸ್ವಲ್ಪ ಸೊಟ್ಟಗಾಗಿದೆ, ಓದಲು ತೊಂದರೆಯಿಲ್ಲ.

ವಾಚಕರ ಮನೆಗಳಲ್ಲಿಯೂ ಹಿಡಿಯಲ್ಲಿ ಅಳೆಯುವ ಕೈಗಳು ಇದ್ದರೆ, ಬರುವ ಹಬ್ಬದಲ್ಲಿ ಆ ಹಿಡಿಯ ಕೆಳಗೆ ಒಂದು ತಕ್ಕಡಿಯನ್ನು ಇಟ್ಟು ನೋಡಿ, ಬರೆದಿಟ್ಟುಕೊಳ್ಳುವುದು ಒಳ್ಳೆಯದು.